ಒಂದೇ ಮಗ್ಗುಲಿನ ಕೊರಕಲು

ಬೊಬೊರೆ ಮತ್ತೆ ರಕ್ತದ ಕಾಲುವೆಯ ಕಥೆ ಶುರು ಮಾಡಿದ್ದ.

ಅಂಗಡಿಗೂ ಕುಲುಮೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಆ ಕಡೆ ತಮ್ಮ ಪ್ರವಾಸಿಗಳಿಗೆ ರೈಲು ಬಿಡುತ್ತಿದ್ದರೆ, ಈ ಕಡೆ ಅಕ್ಕ ತತ್ತಾನಾ ಒಂದು ಅಲಗಿನ ಬೆನ್ನಿಗೆ ಅರ ಉಜ್ಜುತ್ತ ಹಲ್ಲು ಕಡಿಯುತ್ತಿದ್ದಳು. ಐವತ್ತಾರು ವರ್ಷದ ಹೆಂಗಸು. ಮೊಣಕೈವರೆಗೆ ಮಸಿ. ನಾಲಿಗೆಗೆ ಮಾತ್ರ ಎಂದೂ ತುಕ್ಕು ಹಿಡಿದದ್ದಿಲ್ಲ.

"ಇಲ್ಲಿ ನೋಡಿ, ಬೆರಳಿಟ್ಟು ನೋಡಿ," ಎನ್ನುತ್ತಿದ್ದ ಬೊಬೊರೆ. "ಇದು ಸುಮ್ನೆ ಗೀರಲ್ಲ. ಚಾಕು ಒಳಗೆ ಹೋದಾಗ ರಕ್ತ ಈ ಕಾಲುವೇಲಿ ಹರ್ಕೊಂಡು ಆಚೆ ಬರುತ್ತೆ. ಇಲ್ದಿದ್ರೆ ಮಾಂಸ ಅಲಗನ್ನ ಕಚ್ಕೊಂಡ್ಬಿಡುತ್ತೆ, ಎಳೆಯೋಕೇ ಆಗಲ್ಲ. ನಮ್ಮ ಸಾರ್ಡೀನಿಯಾ ದ್ವೀಪದ ಬೆಟ್ಟದಲ್ಲಿ ಸೇಡು ಅಂದ್ರೆ ಹುಡುಗಾಟ ಅಲ್ಲ. ಏಳು ತಲೆಮಾರು!"

ಯಾರೋ ಹೆಂಗಸು "ಅಯ್ಯೋ ದೇವರೇ" ಎಂದು ನಡುಗಿದಳು. ಅದು ಹೆದರಿಕೆಯ ನಡುಕವಲ್ಲ, ಸುಖದ ನಡುಕ. ಅದನ್ನು ಕೇಳಿದಾಗಲೆಲ್ಲ ತತ್ತಾನಾ ಅರವನ್ನು ಇನ್ನೂ ಜೋರಾಗಿ ಉಜ್ಜುತ್ತಿದ್ದಳು. ಹಡಗಿನಿಂದ ಇಳಿದು, ಬಸ್ಸಿನಲ್ಲಿ ಬೆಟ್ಟ ಹತ್ತಿ, ಹೊಟ್ಟೆತುಂಬ ತಿಂದು ಬಂದ ಈ ಜನಕ್ಕೆ ಯಾರದ್ದೋ ಕರುಳು ಹರಿದ ಕಥೆ ಬೇಕು. ಈ ಮನೆಯ ಚಾಕುಗಳು ಏಳು ತಲೆಮಾರಿನಲ್ಲಿ ಕಂಡ ರಕ್ತವೆಂದರೆ ಕುರಿ, ಮೇಕೆ, ಹಂದಿಯದು. ಬಿಟ್ಟರೆ ಈರುಳ್ಳಿ ಹೆಚ್ಚಲು ಹೋಗಿ ಬೊಬೊರೆ ತಾನೇ ಕುಯ್ದುಕೊಂಡ ಹೆಬ್ಬೆರಳಿನದು.

ಗಾಜಿನ ಪೆಟ್ಟಿಗೆಯಲ್ಲಿ ಅವನು ಜೋಡಿಸಿಟ್ಟ ಚಾಕುಗಳನ್ನು ಅವಳು ಕಣ್ಣೆತ್ತಿ ನೋಡುತ್ತಿರಲಿಲ್ಲ. ಯಾವುದೋ ಕಾರ್ಖಾನೆಯಿಂದ ಮೂಟೆಗಟ್ಟಲೆ ಬಂದ ಅಲಗುಗಳು. ಒಂದರ ಬೆನ್ನಿಗೆ ಗರಗಸದ ಹಲ್ಲು, ಆ ಹಲ್ಲಿನಲ್ಲಿ ಒಂದು ಕಡ್ಡಿಯೂ ಕುಯ್ಯುವುದಿಲ್ಲ. ಇನ್ನೊಂದಕ್ಕೆ ಸಾಲಾಗಿ ತೂತು, ಆ ತೂತಿನಲ್ಲಿ ಹಂದಿಯ ಕೊಬ್ಬು ಹೊಕ್ಕರೆ ವಾರದೊಳಗೆ ನಾರುತ್ತದೆ. ಎಲ್ಲಕ್ಕೂ ಆ ಕಾಲುವೆ ಬೇರೆ. ಅಂಗೈಯುದ್ದದ ಮಡಿಸುವ ಚಾಕುವಿಗೆ ಕಾಲುವೆ! ಉದ್ದನೆಯ ಕತ್ತಿಯಾಗಿದ್ದರೆ ಭಾರ ಇಳಿಸಲು, ಬಾಗದಂತೆ ಬಿಗಿ ಕೊಡಲು ತೋಡು ತೆಗೆಯುವುದುಂಟು. ಇಲ್ಲಿ ಅದರಿಂದ ಯಾವ ಉಪಕಾರವೂ ಇಲ್ಲ, ಹೊಲಸು ಕೂರಲು ಜಾಗ ಅಷ್ಟೆ.

ಅವಳ ಅಪ್ಪ ಕೆಲಸ ಕಲಿಸಿದ್ದೇ ಒಂದು ಪ್ರಶ್ನೆಯಿಂದ. ಮುಗಿದ ಅಲಗನ್ನು ಕೈಯಲ್ಲಿ ಹಿಡಿದು, ಮೊನೆಯಿಂದ ಹಿಡಿಯವರೆಗೆ ಒಂದೊಂದು ಕಡೆ ಬೆರಳಿಟ್ಟು, "ಇದು ಯಾಕೆ?" ಎಂದು ಕೇಳುತ್ತಿದ್ದರು. ಉತ್ತರ ಬಂದರೆ ಸರಿ. ಬರದಿದ್ದರೆ "ಉಜ್ಜಿ ತೆಗಿ" ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಊರಿನ ಕುರಿಗಾರರಿಗೆ ಅವಳು ಮಾಡಿಕೊಟ್ಟ ಚಾಕುಗಳಲ್ಲಿ ಕಾರಣವಿಲ್ಲದ ಒಂದು ಗೆರೆಯೂ ಇರಲಿಲ್ಲ. ಊರೆಲ್ಲ ಹಾಗೆಂದು ಹೇಳುತ್ತಿತ್ತು. ಅವಳೂ ಯಾರು ಕೇಳಲಿ ಬಿಡಲಿ ಹೇಳಿಕೊಳ್ಳುತ್ತಿದ್ದಳು.

ಪ್ರವಾಸಿಗಳ ಬಸ್ಸು ಹೊರಟ ಮೇಲೆ ಬೊಬೊರೆ ಹಲಗೆಯ ಬಾಗಿಲಲ್ಲಿ ತಲೆ ತೂರಿಸಿದ.

"ಅಕ್ಕಾ, ಎಂಟು ಚಾಕು ಹೋಯ್ತು. ನೀನು ಮಾಡಿದ್ದು ಒಂದೂ ಇಲ್ಲ."

"ಪುಣ್ಯ. ಆ ಕೈಗಳಿಗೆ ಸೇರಿದ್ರೆ ನಾನೇ ಹೋಗಿ ಕಿತ್ಕೊಂಡು ಬರ್ತಿದ್ದೆ."

"ನಿನ್ನ ಈ ಮುಖ ಅಂಗಡಿ ಕಡೆ ತೋರಿಸ್ಬೇಡ ಅಂತ ಅದಕ್ಕೇ ಹೇಳೋದು. ಹಾಲು ಒಡೆದುಹೋಗುತ್ತೆ."

"ಒಡೆದ್ರೆ ಚೀಸಾದ್ರೂ ಆಗುತ್ತೆ. ನೀನು ಬಾಯಿ ಬಿಟ್ರೆ ಬರೀ ಗಬ್ಬು."

ಅವನು ನಕ್ಕ. ಬೈಗುಳ ಅವನಿಗೆ ಎಂದೂ ತಾಗುತ್ತಿರಲಿಲ್ಲ. ಒಂದು ಕಾಗದವನ್ನು ಅವಳು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲಿಟ್ಟು ಹೋದ. ಪಟ್ಟಣದ ಕೋರ್ಟಿನಿಂದ ಬಂದದ್ದು.

ಕುರಿಗಾರ ಬಿಲ್ಲಿಯಾನ ವಿಷಯ ಅವಳಿಗೆ ಆಗಲೇ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ವಸಂತದಲ್ಲಿ ಅವನು ಕುರಿಗಳ ಕಿವಿ ಗುರುತಿನ ಕಾಗದ ಮಾಡಿಸಲು ಪಟ್ಟಣಕ್ಕೆ ಹೋಗಿದ್ದ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಜೇಬಿನಿಂದ ಚಾಕು ತೆಗೆದು, ಪೇರುಹಣ್ಣಿನ ಸಿಪ್ಪೆ ಬಿಡಿಸಿದ. ಬೆಟ್ಟದ ಗಂಡಸು ಪ್ಯಾಂಟು ಮರೆತರೂ ಚಾಕು ಮರೆಯುವುದಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ತನ್ನ ರೊಟ್ಟಿಯನ್ನು ತನ್ನದೇ ಚಾಕುವಿನಿಂದ ಕುಯ್ದುಕೊಳ್ಳುತ್ತಾನೆ. ಆದರೆ ಪಕ್ಕದಲ್ಲಿದ್ದ ಪಟ್ಟಣದ ಹೆಂಗಸು ಚೀರಿದಳು, ಪೊಲೀಸರು ಬಂದರು, ಪೇರುಹಣ್ಣು ಬೆಂಚಿನ ಮೇಲೇ ಉಳಿಯಿತು. ಈಗ ಮೊಕದ್ದಮೆಯಿರುವುದು ಒಂದೇ ಪ್ರಶ್ನೆಯ ಮೇಲೆ. ಆ ಚಾಕು ಕೆಲಸದ ಸಾಮಾನೋ, ಕೊಲ್ಲುವ ಆಯುಧವೋ? ಆಯುಧ ಎಂದರೆ ಶಿಕ್ಷೆ. ಬಿಲ್ಲಿಯಾ ಇಪ್ಪತ್ತರ ವಯಸ್ಸಿನಲ್ಲಿ ಕುರಿ ಕದ್ದು ಮೂರು ವರ್ಷ ಒಳಗಿದ್ದು ಬಂದವನು. ಇನ್ನೊಂದು ಶಿಕ್ಷೆ ಬಿದ್ದರೆ ಮತ್ತೆ ಜೈಲೇ. ಅರವತ್ತೈದು ವರ್ಷದ ಮುದುಕ. ಹಿಂದೆ ಮಂದೆ ನೋಡಿಕೊಳ್ಳಲು ಕಾಲು ಸರಿಯಿಲ್ಲದ ಹೆಂಡತಿ ಬಿಟ್ಟರೆ ಯಾರೂ ಇಲ್ಲ.

ಕಾಗದದಲ್ಲಿ ತತ್ತಾನಾಳನ್ನು ಸಾಕ್ಷಿಗೆ ಕರೆದಿದ್ದರು. ಜೊತೆಗೆ ತಜ್ಞರೊಬ್ಬರ ವರದಿಯ ಪ್ರತಿ. ಅದರಲ್ಲಿ ಅಲಗಿನ ಚಿತ್ರವಿತ್ತು. ಎಡ ಮಗ್ಗುಲಲ್ಲಿ ಮಾತ್ರ, ಬೆನ್ನಿಗೆ ಸ್ವಲ್ಪ ಹತ್ತಿರ, ಎರಡು ಬೆರಳಗಲ ಉದ್ದದ ಒಂದು ಕೊರಕಲು. ಬಲ ಮಗ್ಗುಲು ನುಣ್ಣಗೆ. ಕೆಳಗೆ ತಜ್ಞರು ಬರೆದಿದ್ದರು: ಕೊರಕಲು ಒಂದೇ ಕಡೆ ಇರುವುದರಿಂದ ಇದು ಅಲಂಕಾರವಲ್ಲ, ಇದರ ಉದ್ದೇಶವನ್ನು ತಯಾರಕರೇ ತಮ್ಮ ಕರಪತ್ರದಲ್ಲಿ ಹೇಳಿಕೊಂಡಿದ್ದಾರೆ. ಅದರ ಹಿಂದೆ ಬೊಬೊರೆಯ ಬಣ್ಣದ ಕರಪತ್ರವನ್ನು ಪಿನ್ನು ಹಾಕಿ ಸಿಕ್ಕಿಸಿದ್ದರು. ವೈರಿಯ ರಕ್ತ ಹರಿಯುವ ಕಾಲುವೆ. ಅದರ ಕೆಳಗೆ ಅಪ್ಪನ ಹೆಸರು.

ತತ್ತಾನಾ ಆ ಚಿತ್ರವನ್ನು ನೋಡುತ್ತ ಕೂತಳು. ಕರಪತ್ರ ನೋಡಿ ಬಂದ ವಾಕರಿಕೆ ಅವಳಿಗೆ ಹಳೆಯದು. ಆ ಕೊರಕಲನ್ನು ನೋಡಿ ಬಂದದ್ದು ಬೇರೆ. ಅದು ಅವಳ ಸ್ವಂತದ್ದು.

ಬಿಲ್ಲಿಯಾ ಮರುದಿನ ತಾನೇ ಬಂದ. ಕಂಕುಳಲ್ಲಿ ಒಂದು ಚೀಸಿನ ಗಡ್ಡೆ, ಮುಖದಲ್ಲಿ ಮದುವೆಗೆ ಕರೆಯಲು ಬಂದವನ ಕಳೆ.

"ತಂಗೀ, ಕಾಗದ ಬಂತಾ?"

"ಬಂತು ಬಿಲ್ಲಿಯಣ್ಣ."

"ನಿನ್ನ ಹೆಸರು ನಾನೇ ಹೇಳಿದ್ದು. ಪೊಲೀಸ್ನೋನು ಕೇಳ್ದ, ಈ ಕೊರಕಲು ಯಾಕಯ್ಯಾ ಅಂತ. ನಂಗೇನು ಗೊತ್ತು ಸ್ವಾಮಿ, ಮಾಡಿದೋಳನ್ನ ಕೇಳಿ ಅಂದೆ. ಅಲಂಕಾರ ಇರ್ಬೇಕೇನೋ ಅಂದ. ನಾನು ಬೈದೆ ಅವನಿಗೆ. ತತ್ತಾನಾ ಅಲಂಕಾರ ಮಾಡೋ ಪೈಕಿ ಅಲ್ಲ, ಅವಳು ಒಂದು ಗೆರೆ ಎಳೆದಿದ್ರೆ ಅದಕ್ಕೊಂದು ಕೆಲಸ ಇದ್ದೇ ಇರುತ್ತೆ, ಬರ್ಕೋ ಅಂದೆ. ಬರ್ಕೊಂಡ."

"ಬರ್ಕೊಂಡ್ನಾ?"

"ನನ್ನ ಕೈಯಲ್ಲಿ ಸಹಿನೂ ಹಾಕಿಸ್ಕೊಂಡ." ಅವನು ಮೊಳಕಾಲಿಗೆ ತಟ್ಟಿ ನಕ್ಕ. "ನೀನು ಬಂದು ಇದು ಇಂಥದ್ದಕ್ಕೆ ಅಂತ ಒಂದು ಮಾತು ಹೇಳ್ಬಿಟ್ರೆ ಮುಗೀತು. ಸಂಜೆ ಹಾಲು ಕರೆಯೋಹೊತ್ತಿಗೆ ನಾನು ಮನೇಲಿರ್ತೀನಿ."

ತತ್ತಾನಾ ಬಾಯಿ ತೆರೆದಳು. "ಬರ್ತೀನಿ" ಎಂದಷ್ಟೇ ಹೇಳಿದಳು. ಅವನು ಚೀಸನ್ನು ಕಿಟಕಿಯಲ್ಲಿಟ್ಟು, ಏನೂ ಯೋಚನೆ ಮಾಡಬೇಡ ಎಂದು ಅವಳಿಗೇ ಸಮಾಧಾನ ಹೇಳಿ ಹೋದ.

ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪನನ್ನು ಮಣ್ಣು ಮಾಡಿ ತಿಂಗಳಾಗಿತ್ತು. ಹೆಂಗಸು ಬಡಿದ ಕಬ್ಬಿಣದಲ್ಲಿ ಬೆಣ್ಣೆಯೂ ಕುಯ್ಯುವುದಿಲ್ಲ ಎಂದು ಊರಿನ ಗಂಡಸರು ಹೆಂಡದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಕುಲುಮೆ ತಣ್ಣಗಾಗಿತ್ತು. ಆಗ ಮೊದಲು ಬಾಗಿಲು ತಟ್ಟಿದವನು ಬಿಲ್ಲಿಯಾ. ಜೈಲು ಕಂಡು ಬಂದವನಾದ್ದರಿಂದ ಅವನನ್ನೂ ಊರು ದೂರವೇ ಇಟ್ಟಿತ್ತು. "ನಿಮ್ಮಪ್ಪನ ಕೈ ನಿಂಗೆ ಬಂದಿರ್ಬೇಕಲ್ಲ, ನಂಗೊಂದು ಚಾಕು ಮಾಡ್ಕೊಡು" ಎಂದ. ಆ ಶನಿವಾರ ಸಂಜೆ ಚೌಕದಲ್ಲಿ ಎಲ್ಲರೆದುರು ಬಂದು ತೆಗೆದುಕೊಳ್ಳುತ್ತೇನೆ ಎಂದ.

ಅವಳು ನಾಲ್ಕು ದಿನ ಬಡಿದಳು, ಹದ ಹಾಕಿದಳು, ಟಗರಿನ ಕೊಂಬಿನ ಹಿಡಿ ಕೂರಿಸಿದಳು. ಶನಿವಾರ ಮಧ್ಯಾಹ್ನ ಕೊನೆಯ ಹೊಳಪು ಕೊಡುವಾಗ ಎಡ ಮಗ್ಗುಲಲ್ಲಿ ಕೂದಲಿನಷ್ಟು ಸಣ್ಣ ಕರಿಗೆರೆ ಕಾಣಿಸಿತು. ಬಡಿಯುವಾಗ ಎಲ್ಲೋ ಆತುರವಾಗಿ ಉಕ್ಕು ತನ್ನ ಮೇಲೇ ಮಡಿಚಿಕೊಂಡಿತ್ತು, ಮಡಿಕೆಯೊಳಗೆ ಮಸಿ ಸಿಕ್ಕಿಹಾಕಿಕೊಂಡಿತ್ತು. ಅಂಥ ಅಲಗನ್ನು ಅಪ್ಪ ಮಾತಾಡದೆ ಮುರಿದು ಮೂಲೆಗೆ ಎಸೆಯುತ್ತಿದ್ದರು. ತತ್ತಾನಾ ಗಡಿಯಾರ ನೋಡಿದಳು. ಚೌಕದಲ್ಲಿ ಆಗಲೇ ಗಂಡಸರು ಸೇರುತ್ತಿದ್ದರು. ಅವಳು ದುಂಡನೆಯ ಅರ ತೆಗೆದುಕೊಂಡು ಆ ಗೆರೆಯ ಉದ್ದಕ್ಕೂ ಒಂದು ಕೊರಕಲು ತೆಗೆದಳು. ಗೆರೆ ಮೇಲೆ ಕಾಣದಾಯಿತು. ಬುಡದಲ್ಲಿ ಹಾಗೇ ಇತ್ತು.

ಸಂಜೆ ಬಿಲ್ಲಿಯಾ ಚಾಕುವನ್ನು ಬಿಚ್ಚಿ, ಬುಟ್ಟಿ ಹೆಣೆಯುವ ಒಂದು ಕಡ್ಡಿಯನ್ನು ಒಂದೇ ಎಳೆತಕ್ಕೆ ಸೀಳಿ, ಎಲ್ಲರಿಗೂ ತೋರಿಸಿ ಜೇಬಿಗಿಳಿಸಿದ. ಕೊರಕಲನ್ನು ನೋಡಿದ, ಅವಳ ಮುಖ ನೋಡಿದ, ಏನೂ ಕೇಳಲಿಲ್ಲ. ಮುಂದಿನ ವಾರದಿಂದ ಬೇರೆಯವರೂ ಬರತೊಡಗಿದರು. ಅವಳ ಇಷ್ಟು ವರ್ಷದ ಅನ್ನ ಆ ಕೊರಕಲಿನಿಂದ ಹುಟ್ಟಿದ್ದು.

ವಕೀಲ ಎಳೆಯವನು, ಸರ್ಕಾರ ನೇಮಿಸಿದವನು. ಕೋರ್ಟಿನ ಪಡಸಾಲೆಯಲ್ಲಿ ಅವಳ ಕಿವಿಯ ಹತ್ತಿರ ಬಂದು, "ಅಮ್ಮಾ, ಅಲಂಕಾರ ಅಂತ ಹೇಳ್ಬಿಡಿ. ಚಂದ ಕಾಣ್ಲಿ ಅಂತ ಮಾಡ್ದೆ ಅನ್ನಿ. ಮುಗೀತು," ಎಂದ. ತತ್ತಾನಾ ತಲೆಯಾಡಿಸಿದಳು. ಬಸ್ಸಿನಲ್ಲಿ ಬರುವಾಗ ಅವಳೂ ಅದನ್ನೇ ಯೋಚಿಸಿಕೊಂಡು ಬಂದಿದ್ದಳು.

ನ್ಯಾಯಾಧೀಶೆ ದಣಿದ ಕಣ್ಣಿನ ಹೆಂಗಸು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಚಾಕು. ಎದುರಿಗೆ ಸಾಗರದಾಚೆಯಿಂದ ಬಂದ ತಜ್ಞರು, ಬೂದುಬಣ್ಣದ ಸೂಟು, ತೆಳ್ಳಗಿನ ಬೆರಳು. ಅವರು ತಮ್ಮ ವರದಿಯನ್ನು ಓದಿದರು. ಮೊನೆ ಚುಚ್ಚಲು. ಬೆನ್ನಿನ ಮುಂಭಾಗ ಎರಡನೇ ಬಾಯಿಯಂತೆ ತೆಳುಮಾಡಿದ್ದು ಆಳಕ್ಕೆ ಇಳಿಯಲು. ಕೊರಕಲು ರಕ್ತ ಹೊರಹೋಗಲು. ಅವರ ದನಿಯಲ್ಲೂ ಅದೇ ಸುಖ ಇತ್ತು, ಬೊಬೊರೆಯ ಗಿರಾಕಿಗಳ ಸುಖ. ಓದಿದ ಮನುಷ್ಯ ಬಾಯಲ್ಲಿಟ್ಟುಕೊಂಡು ಚಪ್ಪರಿಸುವಾಗ ಅದು ಇನ್ನೂ ಹೇಸಿಗೆಯಾಗಿತ್ತು.

"ನೀವು ಹೇಳಿ," ಎಂದರು ನ್ಯಾಯಾಧೀಶೆ. "ಈ ಮೊನೆ ಯಾಕೆ?"

ಅಪ್ಪನ ಪ್ರಶ್ನೆ. ತತ್ತಾನಾಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಕುರಿ ಹೊಟ್ಟೆ ಬಗೆಯೋವಾಗ ಮೇಡಂ, ಮೊನೇನ ಎರಡು ಬೆರಳ ಮಧ್ಯೆ ಇಟ್ಕೊಂಡು ತೊಗಲನ್ನ ಎತ್ತಿ ಎತ್ತಿ ಕುಯ್ಬೇಕು. ಕರುಳಿಗೆ ಒಂದು ಸಲ ತಾಗಿದ್ರೆ ಒಳಗಿರೋ ಹೊಲಸೆಲ್ಲ ಮಾಂಸದ ಮೇಲೆ. ಇಡೀ ಕುರಿ ದಂಡ. ಈ ನಡು ಭಾಗ ಎಲೆ ಥರ ಉಬ್ಬಿದ್ಯಲ್ಲ, ಇದು ಸುಲಿಯೋಕೆ. ತೊಗಲಿಗೂ ಮಾಂಸಕ್ಕೂ ಮಧ್ಯೆ ಉರುಳ್ಕೊಂಡು ಹೋಗುತ್ತೆ. ನೆಟ್ಟಗಿದ್ರೆ ತೊಗಲು ತೂತು. ಹಿಡಿ ಹತ್ರ ಬಾಯಿ ಇಲ್ದೆ ಒಂದು ಚೂರು ಬಿಟ್ಟಿರೋದು ಸಾಣೆಕಲ್ಲು ಕೊನೇವರೆಗೂ ಮುಟ್ಲಿ ಅಂತ."

"ಬೆನ್ನಿನ ಈ ಎರಡನೇ ಬಾಯಿ?"

"ಅದು ಬಾಯಲ್ಲ, ಬೆನ್ನು ಇಳಿಸಿರೋದು. ಈ ತಜ್ಞರ ನಾಲಿಗೆ ಮೇಲೆ ಎಳೀರಿ, ಕುಯ್ಯಲ್ಲ. ಮೊನೆ ಸಣ್ಣಗಿರ್ಬೇಕು, ಅದಕ್ಕೆ. ಕುರಿ ಗೊರಸಿನ ಸಂದೀಲಿ ಮುಳ್ಳು ಕೂತು ಕೊಳೀತಾ ಇರುತ್ತಲ್ಲ, ಆಗ ಈ ಮೊನೆ ಹಾಕಿ ಮೀಟಿದ್ರೆ ಮೊದಲು ಕೀವು ಬರುತ್ತೆ, ಹಳದಿ, ಹುಳ ಬಿದ್ದಿದ್ರೆ ಹುಳಾನೂ ಬರುತ್ತೆ, ಆಮೇಲೆ ಮುಳ್ಳು."

ತಜ್ಞರು ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಮನುಷ್ಯರ ರಕ್ತದ ಕಾಲುವೆಯ ಬಗ್ಗೆ ಮೂರು ಪುಟ ಬರೆದವರಿಗೆ ಕುರಿಯ ಕೀವು ತಡೆಯಲಾಗಲಿಲ್ಲ. ತತ್ತಾನಾಗೆ ಒಂದು ಗಳಿಗೆ ಖುಷಿಯೇ ಆಯಿತು.

"ರಕ್ತದ ವಿಷಯ ಹೇಳೋದಾದ್ರೆ," ಎಂದಳು, "ಅದಕ್ಕೆ ಯಾರೂ ಕಾಲುವೆ ತೋಡ್ಬೇಕಾಗಿಲ್ಲ ಮೇಡಂ. ತೂತು ಬಿದ್ರೆ ಸಾಕು, ಅದು ತಾನೇ ಬರುತ್ತೆ. ಮಾಂಸ ಅಲಗನ್ನ ಕಚ್ಕೊಳ್ಳುತ್ತೆ ಅನ್ನೋದೂ ಸುಳ್ಳು. ನಮ್ಮೂರಲ್ಲಿ ದಿನಾ ಕುಯ್ತಾರೆ, ಯಾರ ಚಾಕೂ ಸಿಕ್ಕಿಹಾಕ್ಕೊಂಡಿಲ್ಲ. ಆ ಕರಪತ್ರ ಬರೆದೋನು ನನ್ನ ತಮ್ಮ. ಅವನು ಕೋಳಿ ಕುಯ್ಯೋದನ್ನ ನೋಡಿದ್ರೂ ತಲೆ ತಿರುಗಿ ಬೀಳ್ತಾನೆ."

ನ್ಯಾಯಾಧೀಶೆಯ ತುಟಿ ಸ್ವಲ್ಪ ಅಲುಗಿತು. "ಹಾಗಾದರೆ ಈ ಕೊರಕಲು ಯಾಕೆ?"

ವಕೀಲ ಅವಳತ್ತ ಹುಬ್ಬು ಹಾರಿಸಿದ.

"ಅದು... ಚಂದಕ್ಕೆ," ಎಂದಳು ತತ್ತಾನಾ.

ತಜ್ಞರು ಕರವಸ್ತ್ರ ಕೆಳಗಿಳಿಸಿದರು. "ಒಂದೇ ಕಡೆ ಚಂದವೇ? ಅದೂ ಸೊಟ್ಟಗೆ? ಈಕೆ ಮಾಡಿದ ಬೇರೆ ಹನ್ನೊಂದು ಚಾಕುಗಳನ್ನು ನಾನು ಪರೀಕ್ಷಿಸಿದ್ದೇನೆ. ಒಂದರಲ್ಲೂ ಒಂದು ಅಲಂಕಾರದ ಗೆರೆಯಿಲ್ಲ. ಇದರಲ್ಲಿ ಮಾತ್ರ ಯಾಕೆ? ಇದನ್ನು ಹೇಳಿ ಮಾಡಿಸಿಕೊಂಡಿದ್ದಾನೆ."

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಬಿಲ್ಲಿಯಾ ಎದ್ದು ನಿಂತ. ಮುಖ ಕೆಂಪಾಗಿತ್ತು.

"ಸುಳ್ಳು ಮೇಡಂ! ಅವಳು ಯಾಕೆ ಹಾಗಂದ್ಲೋ ಗೊತ್ತಿಲ್ಲ, ಇಷ್ಟು ಜನರ ಮುಂದೆ ಗಾಬರಿ ಆಗಿರ್ಬೇಕು. ಚಂದಕ್ಕೆ ಅಂತ ಅವಳು ಮಾಡೋಳಲ್ಲ. ಅದಕ್ಕೊಂದು ಕೆಲಸ ಇದೆ. ಹೇಳು ತಂಗೀ, ನಾಚ್ಕೋಬೇಡ, ಹೇಳು."

"ಕೇಳಿದಿರಲ್ಲ," ಎಂದರು ತಜ್ಞರು. "ಅಲಂಕಾರವಲ್ಲ ಎಂದು ಆತನೇ ಒಪ್ಪುತ್ತಾನೆ."

ವಕೀಲ ಹಣೆ ಚಚ್ಚಿಕೊಂಡ. ಬಿಲ್ಲಿಯಾ ನಿಂತೇ ಇದ್ದ, ಬಾಯಿ ಅರೆತೆರೆದು, ಅವಳನ್ನೇ ನೋಡುತ್ತ. ತನ್ನನ್ನು ಜೈಲಿಗೆ ತಳ್ಳುತ್ತಿರುವುದು ಅವಳ ಮೇಲೆ ತನಗಿರುವ ನಂಬಿಕೆಯೇ ಎಂಬುದು ಆ ಮನುಷ್ಯನ ತಲೆಗೆ ಹೋಗಿರಲಿಲ್ಲ. ತತ್ತಾನಾಗೆ ತನ್ನ ಮೈಯಿಂದಲೇ ಏನೋ ನಾರುತ್ತಿದೆ ಎನಿಸಿತು. ಕೈಯ ಬೆವರನ್ನು ಲಂಗಕ್ಕೆ ಒರೆಸಿಕೊಂಡಳು.

"ಆ ಚಾಕು ಕೊಡಿ ಮೇಡಂ," ಎಂದಳು. "ಒಂದು ನಿಂಬೆಹಣ್ಣು ಸಿಗುತ್ತಾ?"

ನ್ಯಾಯಾಧೀಶೆ ಪೇದೆಯ ಕಡೆ ನೋಡಿದರು. ಎದುರಿನ ಕಾಫಿ ಅಂಗಡಿಯಿಂದ ಅರ್ಧ ನಿಂಬೆಹಣ್ಣು ಬಂತು. ತತ್ತಾನಾ ಅಲಗನ್ನು ಬಿಚ್ಚಿದಳು. ಬಾಯಿ ಹೊಳೆಯುತ್ತಿತ್ತು, ಬಿಲ್ಲಿಯಾ ಇಷ್ಟು ವರ್ಷವೂ ಚೊಕ್ಕವಾಗಿ ಸಾಣೆ ಹಿಡಿಯುತ್ತ ಬಂದಿದ್ದ. ಕೊರಕಲಿನಲ್ಲಿ ಮಾತ್ರ ಕಪ್ಪಗೆ ಏನೋ ಗಟ್ಟಿಯಾಗಿ ತುಂಬಿಕೊಂಡಿತ್ತು. ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಟ್ಟಿದ್ದ ಕೊಬ್ಬು. ತಲೆಯ ಪಿನ್ನು ತೆಗೆದು ಕೆರೆದಳು. ಅದು ಮೇಣದಂತೆ ಸುರುಳಿಯಾಗಿ ಎದ್ದು ಬಂತು, ಅದರ ಹಿಂದೆಯೇ ವಾಸನೆ. ಹಳೆಯ ಕೊಬ್ಬು, ಕೊಳೆತ ಹಾಲು, ಸತ್ತ ಇಲಿಯಂಥದೇನೋ. ನ್ಯಾಯಾಧೀಶೆ ಮೂಗಿಗೆ ಕೈ ಒಯ್ದರು. ಪೇದೆ ಕಿಟಕಿ ತೆರೆದ. ತತ್ತಾನಾ ಆ ವಾಸನೆಯನ್ನು ತುಂಬ ಉಸಿರೆಳೆದು ಕುಡಿದಳು. ಇದು ತನಗೇ ಸೇರಬೇಕಾದದ್ದು ಎಂದು ಅವಳಿಗೆ ಅನಿಸಿತು.

ಕೊರಕಲಿನ ಬುಡವನ್ನು ಉಜ್ಜಿ, ನಿಂಬೆರಸ ಹಿಂಡಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿದಳು. ಬೂದು ಉಕ್ಕಿನ ನಡುವೆ ಕೂದಲಿನಷ್ಟು ಸಣ್ಣ ಕರಿಗೆರೆ ಎದ್ದು ಕಂಡಿತು. ಎರಡು ಬೆರಳಗಲ ಉದ್ದ, ಸೊಟ್ಟಗೆ.

"ಇದಕ್ಕೆ ಮೇಡಂ," ಎಂದಳು. "ಈ ಬಿರುಕು ಮುಚ್ಚೋಕೆ. ಬಡಿಯೋವಾಗ ನಾನು ತಪ್ಪಿದೆ, ಉಕ್ಕು ಮಡಿಚ್ಕೊಂಡ್ತು. ಅಲಗು ಮುರಿದು ಬಿಸಾಕ್ಬೇಕಿತ್ತು. ಅವತ್ತು ಸಂಜೆ ಇವರು ಬರೋರಿದ್ರು. ಊರೆಲ್ಲ ನೋಡ್ತಿತ್ತು. ಕೊರಕಲು ತೆಗೆದು ಮುಚ್ಚಿದೆ, ಅದಕ್ಕೇ ಸೊಟ್ಟಗಿದೆ, ಅದಕ್ಕೇ ಒಂದೇ ಕಡೆ ಇದೆ. ಇದು ರಕ್ತಕ್ಕೂ ಅಲ್ಲ, ಚಂದಕ್ಕೂ ಅಲ್ಲ. ನಾನು ಮೋಸ ಮಾಡಿರೋದು."

ತಜ್ಞರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು, ಮತ್ತೆ ನೋಡಿದರು. ಅವರ ಮುಖದಲ್ಲಿ ಯಾರೋ ತಟ್ಟೆಯಿಂದ ತಿಂಡಿ ಕಿತ್ತುಕೊಂಡ ನಿರಾಸೆ. ಹೌದು, ಬಡಿತದ ದೋಷವೇ ಎಂದು ಕೊನೆಗೆ ಒಪ್ಪಿದರು. ಇಂಥ ಬಿರುಕಿರುವ ಅಲಗು ಜೋರಾಗಿ ಚುಚ್ಚಿದರೆ ಮುರಿಯಬಹುದು, ಆಯುಧವಾಗಿ ನಾಲಾಯಕ್ಕು ಎಂದೂ ಸೇರಿಸಿದರು. ನ್ಯಾಯಾಧೀಶೆ ಅರ್ಧ ಗಂಟೆಯಲ್ಲಿ ಮೊಕದ್ದಮೆ ಮುಗಿಸಿದರು. ಬಿಲ್ಲಿಯಾನ ಮೇಲೆ ಏನೂ ಇಲ್ಲ. ಚಾಕು ವಾಪಸ್ಸು.

ತತ್ತಾನಾ ಅಷ್ಟು ಹೊತ್ತೂ ಹಿಂದಿನ ಬೆಂಚಿನ ಕಡೆ ತಿರುಗಿ ನೋಡಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಕೋರ್ಟಿನ ಮೆಟ್ಟಿಲ ಮೇಲೆ ಕೂತರು. ಬಿಲ್ಲಿಯಾ ಬುತ್ತಿ ಬಿಚ್ಚಿದ. ತೆಳ್ಳನೆಯ ಒಣರೊಟ್ಟಿ, ಕುರಿಹಾಲಿನ ಗಟ್ಟಿ ಚೀಸು.

"ಚೀಸಿಗೆ ಹಾಲು ಒಡೆಸೋ ಹೆಪ್ಪು ಅಳೆಯೋಕೆ ಅನ್ಕೊಂಡಿದ್ದೆ ನಾನು," ಎಂದ ಕೊನೆಗೆ.

"ಏನು?"

"ಆ ಕೊರಕಲು. ಮೊದಲ ಎರಡು ವರ್ಷ ಅದು ಯಾಕೆ ಅಂತ ತಲೆ ಕೆರ್ಕೊಂಡೆ. ಪ್ರತಿ ಸಲ ಮುಳ್ಳು ತಗೊಂಡು ಕೊಳೆ ತೆಗೀಬೇಕು, ಸುಲಿದು ಮುಗಿಸಿದ್ಮೇಲೆ ಅದೊಂದು ಗೋಳು. ವಾಸನೆಗೆ ನನ್ನ ಹೆಂಡ್ತಿ ಚಾಕು ಒಳಗೆ ತರ್ಬೇಡ ಅಂತಿದ್ಲು. ಇಷ್ಟು ಕಷ್ಟ ಕೊಡುತ್ತೆ ಅಂದ್ರೆ ದೊಡ್ಡ ಉಪಯೋಗಾನೇ ಇರ್ಬೇಕು ಅನ್ಕೊಂಡೆ. ಒಂದಿನ ಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪನ್ನ ಅದರಲ್ಲಿ ತುಂಬಿ ನೋಡ್ದೆ. ಒಂದು ಹಂಡೆ ಹಾಲಿಗೆ ಮೂರು ಕೊರಕಲು. ಸರಿಯಾಗಿ ಕೂತ್ಕೊಂಡ್ತು. ಆಹಾ ತತ್ತಾನಾ, ಎಂಥಾ ಬುದ್ಧಿ ಅಂದೆ. ಪಕ್ಕದ ಮಂದೆಯವನಿಗೂ ಅದನ್ನೇ ಹೇಳ್ಕೊಟ್ಟೆ, ಮೂರು ಕೊರಕಲು ಅಂತ."

"ನನ್ನನ್ನ ಕೇಳ್ಬಾರ್ದಿತ್ತಾ ಬಿಲ್ಲಿಯಣ್ಣ?"

"ಕೇಳೋದಾ? ಕುರಿ ಕಾಯೋ ಗಂಡಸು ತನ್ನ ಜೇಬಿನ ಚಾಕು ಅರ್ಥ ಆಗ್ಲಿಲ್ಲ ಅಂತ ಹೋಗಿ ಕೇಳ್ತಾನಾ? ನೀನು ನಗ್ತಿದ್ದೆ. ಪೊಲೀಸ್ನೋನಿಗೂ ಅದಕ್ಕೇ ಹೇಳ್ಲಿಲ್ಲ, ನನ್ನ ಊಹೆ ತಪ್ಪಿದ್ರೆ ನಿನ್ನ ಮಾತಿಗೆ ಅಡ್ಡ ಬರುತ್ತೆ ಅಂತ."

ಬಿಲ್ಲಿಯಾ ಜೇಬಿಗೆ ಕೈ ಹಾಕಿದ. ಚಾಕುವಿದ್ದ ಲಕೋಟೆ ಕೈಗೆ ಬಂತು. ಅದನ್ನು ತೆರೆಯದೆ ಮೆಟ್ಟಿಲ ಮೇಲಿಟ್ಟು, ಚೀಸನ್ನು ಎರಡೂ ಕೈಯಿಂದ ಹಿಡಿದು, ಮಂಡಿಗೆ ಒತ್ತಿ ಮುರಿದ. ಚೂರುಚೂರಾಗಿ ಉದುರಿತು. ದೊಡ್ಡ ಚೂರನ್ನು ಅವಳಿಗೆ ಕೊಟ್ಟ. ಅವನು ಚಾಕುವಿಲ್ಲದೆ ತಿಂದದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ಇದನ್ನ ನೀನೇ ಇಟ್ಕೋ," ಎಂದು ಲಕೋಟೆಯನ್ನು ಅವಳ ಕಡೆ ತಳ್ಳಿದ. "ಇನ್ನು ಅದು ಕೈಗೆ ಹತ್ತಲ್ಲ."

"ಬೇರೆ ಮಾಡ್ಕೊಡ್ತೀನಿ."

"ಮಾಡು," ಎಂದ ಅವನು. ಕೋಪವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ತತ್ತಾನಾ ಲಕೋಟೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದರೆ ಬೊಬೊರೆಗೆ ಸುದ್ದಿ ಆಗಲೇ ಮುಟ್ಟಿತ್ತು. ಬಾಗಿಲಲ್ಲೇ ಕಾದಿದ್ದ. ಕಣ್ಣು ಹಬ್ಬದ ದೀಪದಂತೆ.

"ಅಕ್ಕಾ! ಕೋರ್ಟಿಗೆ ಹೋಗಿ ಬಂದ ಚಾಕು! ಎಲ್ಲಿ ಕೊಡು. ಗಾಜಿನ ಪೆಟ್ಟಿಗೆ ನಟ್ಟನಡುವೆ ಇಡೋಣ. ನ್ಯಾಯಾಧೀಶೆ ನೋಡಿ ನಡುಗಿದ ಅಲಗು ಅಂತ ಒಂದು ಚೀಟಿ ಬರೀತೀನಿ. ಮೂಗು ಮುಚ್ಕೊಂಡ್ರಂತೆ, ಅದನ್ನ ಸ್ವಲ್ಪ ಬದಲಾಯಿಸಿದ್ರಾಯ್ತು."

ತತ್ತಾನಾ ಅವನನ್ನು ದಾಟಿ ಕುಲುಮೆಗೆ ಹೋದಳು. ಅಲಗನ್ನು ಅಡೆಗಲ್ಲಿನ ಅಂಚಿಗೆ ಅಡ್ಡ ಇಟ್ಟು, ಸುತ್ತಿಗೆ ಎತ್ತಿ ಒಂದು ಏಟು ಹಾಕಿದಳು. ಇಪ್ಪತ್ತೆರಡು ವರ್ಷ ಮುರಿಯದ ಅಲಗು ಆ ಗೆರೆಯಲ್ಲೇ ಬಾಯಿ ಬಿಟ್ಟಿತು. ಒಳಗೆ ಮಸಿ, ಇದ್ದಲಿನಂತೆ ಕಪ್ಪಗೆ, ಅವಳು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ಏನೇ ಮಾಡ್ದೆ!" ಬೊಬೊರೆ ತಲೆಗೆ ಕೈ ಇಟ್ಟ. "ಹುಚ್ಚಾ ನಿಂಗೆ?"

"ಇಷ್ಟು ದಿನ ನಿನ್ನ ನೋಡಿ ಉಗೀತಿದ್ದೆ ನಾನು. ನಿನಗಿಂತ ನಾನೇ ಹೊಲಸು ಕಣೋ. ನೀನು ಊರೂರು ಸುತ್ತೋರಿಗೆ ಸುಳ್ಳು ಹೇಳ್ತೀಯ, ಅವರು ಹಡಗು ಹತ್ತೋಹೊತ್ತಿಗೆ ಮರೀತಾರೆ. ನನ್ನ ಸುಳ್ಳಲ್ಲಿ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಹಾಲಿಗೆ ಹೆಪ್ಪು ಹಾಕಿದ್ದಾನೆ."

ಬೊಬೊರೆಗೆ ಅರ್ಥವಾಗಲಿಲ್ಲ. ಅವಳು ಕರಪತ್ರಗಳ ಕಟ್ಟನ್ನು ಎತ್ತಿ ಕುಲುಮೆಗೆ ಹಾಕಿದಳು. ಬಣ್ಣದ ಕಾಗದ ಹಸಿರು ಜ್ವಾಲೆ ಬಿಟ್ಟು ಕೆಟ್ಟ ವಾಸನೆ ಹರಡುತ್ತ ಉರಿಯಿತು. ಅವನು ಮೂಗು ಮುಚ್ಚಿಕೊಂಡು ಅಂಗಡಿಗೆ ಹೋದ. ಮುರಿದ ಎರಡು ತುಂಡುಗಳ ಜೊತೆ ಒಂದು ಚೀಟಿ ಬರೆದು ಅವಳು ಗಾಜಿನ ಪೆಟ್ಟಿಗೆಯ ನಟ್ಟನಡುವೆ ಇಟ್ಟಳು: "ತಪ್ಪು ಮುಚ್ಚಲು ತೆಗೆದ ಕೊರಕಲು. ಮಾಡಿದವಳು ತತ್ತಾನಾ." ಪ್ರವಾಸಿಗಳು ಅದರ ಮುಂದೆ ನಿಲ್ಲುತ್ತಿರಲಿಲ್ಲ. ಗರಗಸದ ಹಲ್ಲಿನದನ್ನು ತೋರಿಸಿ ಎನ್ನುತ್ತಿದ್ದರು.

ಹೊಸ ಚಾಕುವಿಗೆ ಅವಳು ಮೂರು ವಾರ ಹಿಡಿದಳು. ಎರಡು ಅಲಗು ಮಾಡಿ ಮುರಿದಳು. ಅವುಗಳಲ್ಲಿ ದೋಷ ಕಂಡಿರಲಿಲ್ಲ, ಇದ್ದಿದ್ದರೆ ಎಂಬ ಅನುಮಾನ ಅಷ್ಟೆ. ಮೂರನೆಯದು ಎರಡೂ ಮಗ್ಗುಲು ನೀರಿನಂತೆ ನುಣ್ಣಗೆ ಬಂತು. ಅಪ್ಪ ಬದುಕಿದ್ದರೆ ಬೆರಳಿಟ್ಟು ಕೇಳಲು ಒಂದು ಜಾಗವೂ ಸಿಗುತ್ತಿರಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಬಿಲ್ಲಿಯಾ ಬಂದ. ಚೌಕದಲ್ಲಿ ಗಂಡಸರು ಕೂತಿದ್ದರು, ಅಂದಿನ ಹಾಗೇ. ತತ್ತಾನಾ ಚಾಕುವನ್ನು ಅಂಗೈಯಲ್ಲಿಟ್ಟು ಚಾಚಿದಳು.

ಅಂದು ಅವನು ಕಡ್ಡಿ ಸೀಳಿ ಎಲ್ಲರಿಗೂ ತೋರಿಸಿದ್ದ. ಇಂದು ಅಲಗನ್ನು ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಎಡ ಮಗ್ಗುಲ ಮೇಲೆ ಹೆಬ್ಬೆರಳ ಉಗುರನ್ನು ಹಿಡಿಯಿಂದ ಮೊನೆಯವರೆಗೆ ನಿಧಾನವಾಗಿ ಎಳೆದ. ತಿರುಗಿಸಿದ. ಬಲ ಮಗ್ಗುಲ ಮೇಲೂ ಎಳೆದ. ನಂತರ ಜೇಬಿನಿಂದ ಅರ್ಧ ನಿಂಬೆಹಣ್ಣು ತೆಗೆದ.

ತತ್ತಾನಾ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ರಸ ಉಕ್ಕಿನ ಮೇಲೆ ಹರಿದು, ಅವನು ಅಂಗಿಯ ತುದಿಯಿಂದ ಒರೆಸಿ, ಕಣ್ಣು ಕಿರಿದು ಮಾಡಿ ನೋಡಿ ಮುಗಿಸುವವರೆಗೂ ನಿಂತೇ ಇದ್ದಳು.

"ಸರಿಯಾಗಿದೆ," ಎಂದು ಅವನು ಚಾಕುವನ್ನು ಮಡಿಸಿ ಜೇಬಿಗಿಳಿಸಿದ.